ಜೊಂಡಿನ ಎತ್ತರ

ವಿಮಾನದಿಂದ ಚಿತ್ರ ತೆಗೆದು ನೆಲ ಅಳೆಯುವವರ ಸಮ್ಮೇಳನದಲ್ಲಿ, ಬಟ್ಟೆ ಹೊಲಿಯುವ ನನಗೇನು ಕೆಲಸ? ಏನೂ ಇಲ್ಲ. ಅಕ್ಕನ ಮಂಡಿ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ, ನಾನು ಅವಳಿಗೆ ಆಗುವುದಿಲ್ಲ ಎನ್ನಲು ಕಲಿತಿಲ್ಲ, ಅಷ್ಟೆ. ಬಾಗಿಲಲ್ಲಿ ನನ್ನ ಕೊರಳಿಗೂ ಒಂದು ಬಿಲ್ಲೆ ತಗುಲಿಹಾಕಿದರು. ಕಂಡಕಂಡವರೆಲ್ಲ ನನ್ನನ್ನು 'ಸರ್' ಎಂದರು. ಸುಮ್ಮನೆ ತಲೆಯಾಡಿಸಿದೆ.

ಅಕ್ಕ ಮೂವತ್ತು ವರ್ಷ ನಕ್ಷೆ ಕಚೇರಿಯಲ್ಲಿ ದುಡಿದವಳು. ಒಂದೇ ಜಾಗದ ಎರಡು ಚಿತ್ರಗಳನ್ನು ಯಂತ್ರದಲ್ಲಿಟ್ಟು ಎರಡೂ ಕಣ್ಣಿಂದ ನೋಡಿದರೆ ಗುಡ್ಡ ಎದ್ದು ನಿಲ್ಲುತ್ತದಂತೆ, ಹಳ್ಳ ಇಳಿಯುತ್ತದಂತೆ. ಅದರೊಳಗೆ ಬೆಳಕಿನ ಚುಕ್ಕಿಯೊಂದಿರುತ್ತದೆ. ಚಕ್ರ ತಿರುಗಿಸಿ ಅದನ್ನು ನೆಲಕ್ಕೆ ತಾಗಿಸಿ, ಎತ್ತರ ಬರೆದುಕೊಂಡು ನಕ್ಷೆ ಬಿಡಿಸಬೇಕು. ಅಕ್ಕನ ಚುಕ್ಕಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಕಚೇರಿಗೆಲ್ಲ ಹೆಸರು. ಭಾವ ಅದೇ ಕಚೇರಿಯವರು, ಆದರೆ ಬಯಲಿನ ಕೆಲಸ. ಬಿಸಿಲಲ್ಲಿ ನಡೆದು, ನೆಲ ಅಳೆದು, ಪುಸ್ತಕದಲ್ಲಿ ಬರೆದು ತರುತ್ತಿದ್ದರು. ಅವರ ಮಾತು ಕಮ್ಮಿ. ಇಬ್ಬರ ಪಾಲಿನದನ್ನೂ ಅಕ್ಕನೇ ಆಡುತ್ತಿದ್ದಳು.

ಇಪ್ಪತ್ತು ವರ್ಷದ ಹಿಂದೆ ಅವರಿಬ್ಬರೂ ಸೇರಿ ಮಾಡಿದ ನಕ್ಷೆ ನೋಡಿ ಒಂದು ಕಾಲುವೆ ತೋಡಿದರು. ನೀರು ಮುಂದಕ್ಕೆ ಹರಿಯದೆ ನಡುವೆಯೇ ಮಡುಗಟ್ಟಿ ಮನೆಗಳಿಗೆ ನುಗ್ಗಿತು. ನಕ್ಷೆಯಲ್ಲಿ ಎತ್ತರವೆಂದಿದ್ದ ನೆಲ ನಿಜದಲ್ಲಿ ತಗ್ಗು. ವಿಚಾರಣೆಯಲ್ಲಿ ಬಯಲಿನ ಪುಸ್ತಕ ಕೇಳಿದರೆ ಭಾವ "ಕಳೆದುಹೋಗಿದೆ" ಎಂದುಬಿಟ್ಟರು. ಇನ್ನೇನು ಬೇಕು? ತಪ್ಪು ಅವರದೇ ಎಂದಾಯಿತು. ಅವರನ್ನು ಸಾಮಾನು ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ಆ ಮನುಷ್ಯ ಮುರಿದ ಮುಕ್ಕಾಲಿ, ಹಳೆಯ ಕಡತ ಕಾಯುತ್ತ ಕೂತರು. ಅಕ್ಕನೂ ಬಿಡಲಿಲ್ಲ. "ನೆರಳಲ್ಲಿ ಮಲಗಿ ಅಂದಾಜಿಗೆ ಬರೆದ್ರಿ ತಾನೇ?" ಎಂದು ಉಣ್ಣುವಾಗಲೂ ಚುಚ್ಚುವಳು. ನಾನೂ ಜೊತೆಗೆ ನಕ್ಕಿದ್ದೇನೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಭಾವ ಹೋಗಿ ಎರಡು ವರ್ಷವಾಗಿತ್ತು. ಅದೇ ಜಾಗವನ್ನು ಈಗ ಹೊಸ ಯಂತ್ರದಿಂದ ಅಳೆದಿದ್ದಾರೆ, ಸಮ್ಮೇಳನದಲ್ಲಿ ಹೇಳುತ್ತಾರೆ ಎಂದು ಅಕ್ಕನಿಗೆ ತಿಳಿಯಿತು. "ಅವರ ಅಳತೆ ಸರಿಯಾಗಿತ್ತು ಅಂತ ಒಬ್ಬರಾದ್ರೂ ಬಾಯಿಬಿಟ್ಟು ಹೇಳಿದ್ರೆ ಸಾಕು ಕಣೋ. ನಾನು ಅವರನ್ನ ತುಂಬಾ ಅಂದಿದೀನಿ," ಎಂದಳು. ಅದಕ್ಕೇ ನಾವು ಹೋದದ್ದು.

ಮಾತಾಡಿದವಳು ಸಣ್ಣ ವಯಸ್ಸಿನ ಇಂಜಿನಿಯರ್. ಪರದೆಯ ಮೇಲೆ ಹಳೆಯ ನಕ್ಷೆ, ಅದರ ಮೇಲೆ ಹೊಸದು. ಒಂದು ಕಡೆ ಮಾತ್ರ ಮೂರು ಮೀಟರ್ ವ್ಯತ್ಯಾಸ. "ಇದನ್ನ ಬಯಲಿನ ತಪ್ಪು ಅಂತ ಬರೆದಿದ್ದಾರೆ. ಅಲ್ಲ. ಬಯಲಿನ ಅಳತೆ ಒಂದೊಂದೂ ಸರಿಯಾಗಿದೆ," ಎಂದಳು.

ಅಕ್ಕ ನನ್ನ ತೊಡೆ ಚಿವುಟಿದಳು. "ಕೇಳಿಸ್ತಾ? ಕೇಳಿಸ್ತೇನೋ?" ಅವಳ ಮುಖ ಅಷ್ಟು ಅರಳಿದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ.

"ಹೋದ ವರ್ಷ ಸಾಮಾನು ಕೋಣೆ ಖಾಲಿ ಮಾಡುವಾಗ, ಬೀರುವಿನ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟ ಈ ಪುಸ್ತಕ ಸಿಕ್ತು," ಎಂದು ಆ ಹುಡುಗಿ ಪುಟ ತೋರಿಸಿದಳು. ಭಾವನ ಗುಂಡಗಿನ ಅಕ್ಷರ: 'ಇಲ್ಲಿ ಜೊಂಡು ಎರಡಾಳು ಎತ್ತರ ಬೆಳೆದಿದೆ. ಮೇಲಿಂದ ನೆಲ ಕಾಣದು. ನಕ್ಷೆ ಬಿಡಿಸುವವರು ಮೂರು ಮೀಟರ್ ಕಳೆಯತಕ್ಕದ್ದು.' ಅದರ ಪಕ್ಕದಲ್ಲಿ, ನಕ್ಷೆ ಬಿಡಿಸುವವರು ಓದಿದೆ ಎಂಬುದಕ್ಕೆ ಹಾಕುವ ಕೆಂಪು ಪೆನ್ಸಿಲಿನ ಗುರುತು.

"ಯಾರೋ ಪುಣ್ಯಾತ್ಮರು ಓದದೇ ಗುರುತು ಹಾಕಿದ್ದಾರೆ. ಜೊಂಡಿನ ತುದಿಯನ್ನೇ ನೆಲ ಅಂದ್ಕೊಂಡಿದ್ದಾರೆ."

ಸಭೆ ನಕ್ಕಿತು. ಅಕ್ಕನ ಕೈ ನನ್ನ ತೊಡೆಯ ಮೇಲೆ ಹಾಗೇ ತಣ್ಣಗಾಯಿತು. ಅಯ್ಯೋ ದೇವರೇ, ನನಗೂ ಅರ್ಥವಾಯಿತು. ಅವಳು ಏಳಹೊರಟಾಗ ಮಣಿಕಟ್ಟು ಹಿಡಿದು ಜಗ್ಗಿದೆ. "ಸುಮ್ನೆ ಕೂತ್ಕೊ ಅಕ್ಕ. ಯಾರಿಗೂ ಗೊತ್ತಿಲ್ಲ."

"ಅವರಿಗೆ ಗೊತ್ತಿತ್ತಲ್ಲೋ," ಎಂದು ಕೈ ಬಿಡಿಸಿಕೊಂಡು ನಿಂತಳು. "ಆ ಗುರುತು ನನ್ನದಮ್ಮ. ಪುಸ್ತಕ ಬರೆದವರು ನನ್ನ ಗಂಡ. ನಿನ್ನ ವರದಿಯಲ್ಲಿ ಎರಡೂ ಹೆಸರು ಹಾಕು."

ಹುಡುಗಿ ತಬ್ಬಿಬ್ಬಾದಳು. "ಹೋಗ್ಲಿ ಬಿಡಿ ಮೇಡಂ, ಹಳೇದು. ಯಾರಿಗಾದ್ರೂ ಆಗುತ್ತೆ."

"ಹಾಕು," ಎಂದಳು ಅಕ್ಕ. ಹುಡುಗಿ ಅಲ್ಲೇ ನಿಂತು ಎರಡೂ ಹೆಸರು ಕೇಳಿ ಬರೆದುಕೊಂಡಳು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ಕುಸಿದು ಕೂತಳು. ಜನ ನಮ್ಮನ್ನು ಬಳಸಿಕೊಂಡು ಊಟಕ್ಕೆ ಹೋಗುತ್ತಿದ್ದರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಆಸ್ಪತ್ರೇಲಿ ಕೊನೇ ವಾರ ಕೇಳಿದೆ ಕಣೋ. ಈಗಲಾದ್ರೂ ತಪ್ಪು ಒಪ್ಕೊಳ್ರೀ, ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂದೆ. ನನ್ನ ಮುಖಾನೇ ನೋಡಿದ್ರು. ಆಯ್ತು ಕಣೇ, ನನ್ನದೇ ತಪ್ಪು ಅಂದ್ರು."

ಕುಡಿಯದ ನೀರನ್ನು ನನ್ನ ಕೈಗೇ ಮರಳಿಸಿದಳು.

"ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ ಕಣೋ."