ಪಚ್ಚೆಯ ಗಡಿ

ದೇರೆಬೈಲಿನ ಅಲ್ಫೋನ್ಸನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಶುರುವಾಯಿತು. ಅದೂ ಯಾರ ಮೇಲೆ? ಗೆಳೆಯನ ಮಗಳ ಮೇಲೆ. ನಾಚಿಕೆಯಾಗಬೇಕಿತ್ತು ಮನುಷ್ಯನಿಗೆ. ಆಗುತ್ತಲೂ ಇತ್ತು ಪಾಪ, ಆದರೆ ನಾಚಿಕೆಯಾಯಿತೆಂದು ಹೊಟ್ಟೆಕಿಚ್ಚು ಆರುತ್ತದೆಯೇ?

ಇಪ್ಪತ್ತೆರಡು ವರ್ಷ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದವನು ಅವನು. ಊರಿಗೆ ಮರಳುವಾಗ ಬೇರೆಯವರು ಟಿವಿ ತಂದರೆ ಇವನು ಒಂದು ಆಟದ ಪೆಟ್ಟಿಗೆ ತಂದ. ಬಿಚ್ಚಿದರೆ ಮೇಜಿನಷ್ಟಗಲದ ನಕ್ಷೆ, ಅದರಲ್ಲಿ ಮೂರು ರಾಜ್ಯ, ಇಪ್ಪತ್ತು ಬಂದರು, ಮರದ ಹಡಗುಗಳು, ಮರದ ಸಿಪಾಯಿಗಳು. ನಿಯಮದ ಪುಸ್ತಕವೇ ನಲವತ್ತು ಪುಟ. ಒಮ್ಮೆ ಕೂತರೆ ಐದು ಗಂಟೆ ಏಳುವ ಹಾಗಿಲ್ಲ. ಹೆಂಡತಿ ರೊಸಾಲಿನ್ ಟೀಚರು ನಾಲ್ಕನೇ ಪುಟಕ್ಕೇ ಪುಸ್ತಕ ಮುಚ್ಚಿ, ಇದಕ್ಕಿಂತ ಹತ್ತನೇ ಕ್ಲಾಸಿನ ಪೇಪರು ತಿದ್ದುವುದೇ ಸುಖ ಎಂದು ಎದ್ದು ಹೋದಳು. ಊರಿನ ಹಳೆಯ ಪರಿಚಯದವರೋ, ಯಾವಾಗ ಬಂದದ್ದು, ಯಾವಾಗ ಹೋಗುವುದು ಎಂದು ಕೇಳುತ್ತಿದ್ದರು. ಇನ್ನು ಹೋಗುವುದಿಲ್ಲ ಎಂದರೆ ಅವರಿಗೆ ಮುಂದೆ ಮಾತೇ ಇರುತ್ತಿರಲಿಲ್ಲ.

ಆಗ ಪಕ್ಕದ ಮನೆಯ ಪ್ರೇಮ್ ಅವನನ್ನು ಬಂದರಿಗೆ ಕರೆದುಕೊಂಡು ಹೋಗಿ ತನ್ನ ಶಾಲೆಯ ಗೆಳೆಯ ಮೋನುವಿನ ಎದುರು ಕೂರಿಸಿದ. ಮೋನುವಿನದ್ದು ಒಣಮೆಣಸಿನ ಸಗಟು ವ್ಯಾಪಾರ. ಭಾನುವಾರ ಗೋದಾಮಿನ ಮಾಳಿಗೆ ಖಾಲಿ, ಆಟ ಅಲ್ಲೇ, ಪೆಟ್ಟಿಗೆಯೂ ಅಲ್ಲೇ. ಮೊದಲ ಅರ್ಧ ಗಂಟೆ ಸೀನಬೇಕು, ಆಮೇಲೆ ಮೂಗಿಗೆ ಅಭ್ಯಾಸವಾಗುತ್ತದೆ. ಹದಿನೈದು ದಿನಕ್ಕೊಮ್ಮೆ, ಏಳು ವರ್ಷ, ಅದೇ ಮೂವರು. ಮೋನು ನೀಲಿ, ಪ್ರೇಮ್ ಕೆಂಪು, ಅಲ್ಫೋನ್ಸ್ ಹಸಿರು. ಪಚ್ಚೆ ಅಂದರೆ ಅಲ್ಫೋನ್ಸ್ ಎಂದೇ ಲೆಕ್ಕ.

ಆ ಆಟದಲ್ಲಿ ದಾಳವಿಲ್ಲ. ಗಡಿಯಲ್ಲಿ ಯಾರ ಸಿಪಾಯಿಗಳು ಹೆಚ್ಚೋ ಅವರು ಗೆದ್ದರು. ಗಡಿ ಖಾಲಿ ಬಿಟ್ಟರೆ ಪಕ್ಕದವನು ಸೀದಾ ಒಳಗೆ ನುಗ್ಗುತ್ತಾನೆ. ಹಾಗಿದ್ದೂ ಮೊದಲ ದಿನವೇ ಮೋನು ಹಸಿರಿನ ಕಡೆಯ ತನ್ನ ಗಡಿಯಲ್ಲಿ ಒಬ್ಬನನ್ನೂ ನಿಲ್ಲಿಸಲಿಲ್ಲ. ಅಲ್ಫೋನ್ಸ್ ಅದನ್ನು ನೋಡಿದ, ತನ್ನ ಕಡೆಯೂ ಖಾಲಿ ಬಿಟ್ಟ. ಅಷ್ಟೇ. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಿದವರಲ್ಲ, ಆದರೆ ಏಳು ವರ್ಷ ಆ ಗಡಿಯಲ್ಲಿ ಒಂದು ಸಿಪಾಯಿಯೂ ನಿಲ್ಲಲಿಲ್ಲ. ನೀವಿಬ್ಬರೂ ಒಂದೇ ರೇಷನ್ ಕಾರ್ಡ್ ಮಾಡಿಸಿಕೊಳ್ಳಿ ಎಂದು ಪ್ರೇಮ್ ಗೊಣಗುತ್ತಿದ್ದ. ಅಲ್ಫೋನ್ಸನಿಗೆ ಅದನ್ನು ಕೇಳಿಸಿಕೊಳ್ಳುವುದೆಂದರೆ ಒಳಗೊಳಗೇ ಹಿಗ್ಗು.

ಹೋದ ವರ್ಷ ಪ್ರೇಮನ ಮೊಣಕಾಲಿಗೆ ಆಪರೇಷನ್ ಆಯಿತು. ಮಾಳಿಗೆಯ ಏಣಿಯಂಥ ಮೆಟ್ಟಿಲು ಇನ್ನು ಸಾಧ್ಯವಿಲ್ಲ ಎಂದು ತನ್ನ ಬದಲಿಗೆ ಮಗಳು ಟಾನ್ಯಾಳನ್ನು ಕಳಿಸಿದ. ಫಿಸಿಯೋಥೆರಪಿಸ್ಟ್ ಹುಡುಗಿ, ಚುರುಕೆಂದರೆ ಚುರುಕು. ನಲವತ್ತು ಪುಟವನ್ನು ಎರಡು ದಿನದಲ್ಲಿ ಓದಿ ಮುಗಿಸಿ ಬಂದಳು. ಮೂರನೇ ಆಟದಲ್ಲೇ ಗೆದ್ದಳು. ಮೋನು ಹೊಟ್ಟೆ ಹಿಡಿದುಕೊಂಡು ನಕ್ಕು, ಇವಳಿಗೆ ತಲೆ ಉಂಟು, ಅಪ್ಪನ ಹಾಗಲ್ಲ ಎಂದ. ಅಲ್ಫೋನ್ಸ್ ಏಳು ವರ್ಷದಲ್ಲಿ ನಾಲ್ಕು ಸಲ ಗೆದ್ದಿದ್ದ. ತನಗೆ ತಲೆ ಉಂಟೆಂದು ಮೋನು ಒಮ್ಮೆಯೂ ಹೇಳಿರಲಿಲ್ಲ.

ಅಲ್ಲಿಂದ ಅವನ ಕಣ್ಣಿಗೆ ಬೇರೇನೂ ಬೀಳದಾಯಿತು. ಚಹಾದ ಜೊತೆ ಗೋಳಿಬಜೆ ಬರುತ್ತಿದ್ದ ಕಡೆ ಬಾಳೆಕಾಯಿ ಪೋಡಿ, ಅದೇ ಬಜ್ಜಿ, ಬರತೊಡಗಿತು, ಟಾನ್ಯಾಳಿಗೆ ಅದು ಇಷ್ಟವಂತೆ. ಚಹಾದ ಮೊದಲ ಗ್ಲಾಸು ಅವಳಿಗೆ. ವಾರದ ನಡುವೆ ಮೋನು ಅವಳಿಗೆ ಫೋನು ಮಾಡಿ ಆಟದ ವಿಷಯ ಚರ್ಚಿಸುತ್ತಾನಂತೆ, ಪ್ರೇಮನೇ ಹೇಳಿದ್ದು. ಅಲ್ಫೋನ್ಸನಿಗೆ ಮೈಯೆಲ್ಲ ಉರಿಯಿತು. ಒಮ್ಮೆ ಅವಳು ಇಟ್ಟ ಹಡಗನ್ನು ಹಿಂದೆ ತೆಗೆಯಲು ಹೋದಾಗ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಲ್ಫೋನ್ಸ್ ಹಿಂದೊಮ್ಮೆ ತಾನೇ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದನ್ನು ಬೆರಳಿಟ್ಟು ತೋರಿಸಿದ: ಇಟ್ಟ ಕಾಯಿ ಇಟ್ಟದ್ದೇ. ಹುಡುಗಿ ಸಾರಿ ಅಂಕಲ್ ಎಂದಳು. ಮೋನು ಅವನ ಮುಖವನ್ನೇ ನೋಡಿದ. ಆ ದಿನ ಮನೆಯಲ್ಲಿ ರೊಸಾಲಿನ್, ಮದುವೆ ಮನೆಯಲ್ಲಿ ಊಟ ಸಿಗದೆ ಬಂದವರ ಹಾಗೆ ಯಾಕಿದ್ದೀರಿ ಎಂದು ಕೇಳಿದಳು.

ಕಳೆದ ತಿಂಗಳ ಒಂದು ಭಾನುವಾರ ನಂತೂರಿನಲ್ಲಿ ಲಾರಿಯೊಂದು ಅಡ್ಡ ನಿಂತು ಬಸ್ಸು ಮುಕ್ಕಾಲು ಗಂಟೆ ಕದಲಲಿಲ್ಲ. ಅಲ್ಫೋನ್ಸ್ ಬೆವರೊರೆಸುತ್ತ ಮಾಳಿಗೆ ಹತ್ತಿದಾಗ ಟಾನ್ಯಾ ಆಗಲೇ ನಕ್ಷೆ ಬಿಡಿಸಿ ಕೂತಿದ್ದಳು. ಅವಳೆದುರು ಹಸಿರು ಕಾಯಿಗಳು. ಯಾವಾಗಲೂ ಕೆಂಪೇ ಆಗಿ ಬೇಜಾರಾಯಿತು, ಇವತ್ತೊಂದು ದಿನ ಪರವಾಗಿಲ್ಲವಾ ಅಂಕಲ್ ಎಂದಳು. ನನ್ನದು ಕೊಡು ಎಂದಿದ್ದರೆ ಆ ಕ್ಷಣವೇ ಕೊಡುತ್ತಿದ್ದಳು. ಆದರೆ ಕೇಳಿದರೆ ಇವನ ಗತ್ತು ಏನಾಗಬೇಕು? ಬಣ್ಣದಲ್ಲಿ ಎಂತ ಉಂಟು ಎಂದು ಕೆಂಪು ಕಾಯಿಗಳನ್ನು ಎಳೆದುಕೊಂಡ. ಮೋನು ಕೆಳಗಿನಿಂದ ಚಹಾ ತಂದು ಕೂತ, ಕೂತವನೇ ಸಿಪಾಯಿಗಳನ್ನು ನಿಲ್ಲಿಸತೊಡಗಿದ.

ಮೋನುವಿನ ಕೈಯನ್ನು ಅಲ್ಫೋನ್ಸ್ ನೋಡುತ್ತಿದ್ದ. ಹಸಿರಿನ ಕಡೆ, ಎಂದರೆ ಟಾನ್ಯಾಳ ಕಡೆ, ಗಡಿ ಖಾಲಿ. ಕೆಂಪಿನ ಕಡೆ, ತನ್ನ ಕಡೆ, ಏಳು ಸಿಪಾಯಿಗಳು ಸಾಲಾಗಿ ನಿಂತವು.

ಏಳು ವರ್ಷದ ನಂಬಿಕೆಯನ್ನು ನಿನ್ನೆ ಮೊನ್ನೆ ಬಂದ ಹುಡುಗಿಗೆ ಕೊಟ್ಟುಬಿಟ್ಟನಲ್ಲ, ಅದೂ ನನ್ನ ಕಣ್ಣೆದುರಿಗೆ! ಅಲ್ಫೋನ್ಸ್ ಹಲ್ಲು ಕಚ್ಚಿಕೊಂಡು ತನ್ನ ಹನ್ನೆರಡು ಸಿಪಾಯಿಗಳನ್ನೂ ಮೋನುವಿನ ಗಡಿಗೇ ಸುರಿದ. ಟಾನ್ಯಾಳ ಕಡೆ ಒಬ್ಬನೂ ಉಳಿಯಲಿಲ್ಲ. ಮೊದಲ ಯುದ್ಧದ ಸರದಿ ಅವನದ್ದೇ. ಏಳು ಜನರನ್ನು ಹೊಡೆದು, ನೀಲಿಯ ರಾಜಧಾನಿಯ ಮೇಲೆ ಕೆಂಪು ಸಿಪಾಯಿಯನ್ನು ಟಕ್ಕೆಂದು ಇಟ್ಟ. ರಾಜಧಾನಿ ಹಿಡಿದವನೇ ಗೆದ್ದ ಹಾಗೆ, ಆಟ ಅಲ್ಲಿಗೆ ಮುಗಿಯಿತು.

ಮೋನು ಚಹಾದ ಗ್ಲಾಸು ಕೆಳಗಿಟ್ಟ. ನಕ್ಷೆ ನೋಡಿದ, ಅಲ್ಫೋನ್ಸನ ಎದುರಿದ್ದ ಕಾಯಿಗಳನ್ನು ನೋಡಿದ.

"ಇವತ್ತು ನೀನು ಕೆಂಪಾ?" ಎಂದ. "ಪಚ್ಚೆ ನೀನೇ ಅಂತ ನನ್ನ ಕೈ ಅಲ್ಲಿ ಖಾಲಿ ಬಿಟ್ಟದ್ದು ಮಾರಾಯ."

ಅಲ್ಫೋನ್ಸ್ ಹೊಡೆದುಹಾಕಿದ್ದು ಪ್ರೇಮನ ಎದುರು ಏಳು ವರ್ಷ ನಿಂತ ಅದೇ ಏಳು ಸಿಪಾಯಿಗಳನ್ನು. ಮೋನುವಿನ ಕೈ ಬಣ್ಣ ನೋಡಿತ್ತು, ಆಳು ನೋಡಿರಲಿಲ್ಲ. ಅಲ್ಫೋನ್ಸ್ ರಾಜಧಾನಿಯ ಮೇಲಿನ ತನ್ನ ಸಿಪಾಯಿಯನ್ನು ತೆಗೆಯಲು ಕೈ ಚಾಚಿದ. ಮೋನು ಅದನ್ನು ತಡೆದು, ಮುಚ್ಚಳದ ಬರಹದ ಕಡೆ ಗದ್ದ ಎತ್ತಿ ತೋರಿಸಿದ. ಆ ದಿನ ಅಲ್ಫೋನ್ಸನೇ ಗೆದ್ದ. ಅಭಿನಂದಿಸಿದವಳು ಟಾನ್ಯಾ ಒಬ್ಬಳೇ.

ಮುಂದಿನ ಆಟಕ್ಕೆ ಅವನು ಎಲ್ಲರಿಗಿಂತ ಮೊದಲೇ ಹೋದ. ಆದರೂ ಕಾಯಿಗಳನ್ನು ಮುಟ್ಟದೆ ಕಾದ, ಟಾನ್ಯಾಳೇ ಬಂದು ಹಸಿರು ಕಾಯಿಗಳನ್ನು ಅವನೆದುರಿಗೆ ದೂಡಿದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತೋ ಏನೋ. ತಟ್ಟೆಯಲ್ಲಿ ಗೋಳಿಬಜೆಯೂ ಇತ್ತು. ಮೋನು ಎಂದಿನ ಹಾಗೆ ಮಳೆ, ವ್ಯಾಪಾರ ಎಂದು ಮಾತಾಡುತ್ತಲೇ ಸಿಪಾಯಿಗಳನ್ನು ನಿಲ್ಲಿಸುತ್ತ ಬಂದ. ಹಸಿರಿನ ಗಡಿಯ ಮೇಲೆ ಅವನ ಕೈ ನಿಂತಿತು. ಆಮೇಲೆ ಅಲ್ಲಿ ಒಂದು ಸಿಪಾಯಿಯನ್ನು ಇಟ್ಟ. ಒಂದೇ ಒಂದು.

ಅಲ್ಫೋನ್ಸ್ ತನ್ನ ಕಡೆ ಒಂದೂ ಇಡಲಿಲ್ಲ. ಮೋನು ಅದನ್ನು ನೋಡಿದ, ತನ್ನ ಸಿಪಾಯಿಯನ್ನೂ ನೋಡಿದ. ತೆಗೆಯುವ ಮನಸ್ಸಾಗಿದ್ದರೂ ಇನ್ನು ತೆಗೆಯುವ ಹಾಗಿರಲಿಲ್ಲ, ನಿಯಮ ಅಲ್ಫೋನ್ಸನೇ ಬರೆದದ್ದು.