ಹಿಂದಿನ ಸಾಲಿನ ಓದು

ಮುನಿಕೃಷ್ಣಮ್ಮ ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಹೆಬ್ಬಾಳದ ಕೆರೆ ಕೆಳಗೆ ಹುಲ್ಲು ಕುಯ್ದು ಮಾರುವವಳು. ಕೊಳ್ಳುವವರು ‘ಇಷ್ಟೇ ತೂಕ’ ಅಂದರೆ ಹೊರೆಯನ್ನು ಇನ್ನೊಂದು ತಕ್ಕಡಿಗೆ ಹಾಕಿಸಿಯೇ ಒಪ್ಪುವಳು. ಹಾಗಾಗಿ ೧೯೫೮ರಲ್ಲಿ ಊರ ಶಾಲೆಯ ಶ್ರೀರಾಮಪ್ಪ ಮೇಷ್ಟ್ರು, “ನಿನ್ ಮಗ್ಳು ನಾಲ್ಕನೇ ಕ್ಲಾಸ್ ಪುಸ್ತಕ ಗಡಗಡ ಓದ್ತಾಳೆ ಕಣಮ್ಮ” ಅಂದಾಗ ಅವಳಿಗೆ ಸಂತೋಷಕ್ಕಿಂತ ಗುಮಾನಿಯೇ ಹೆಚ್ಚಾಯಿತು. ಹರಿಜನ ಕೇರಿಯ ಮಕ್ಕಳನ್ನೂ ಮುಸಲ್ಮಾನರ ಮಕ್ಕಳನ್ನೂ ಹಿಂದಿನ ಸಾಲಿಗೆ ತಳ್ಳುವ ಮನುಷ್ಯನಿಗೆ ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆಯೇ?

ತನಗೆ ಅಕ್ಷರ ಬಾರದು ನಿಜ, ಪರೀಕ್ಷೆ ಮಾಡಲೂ ಬಾರದೇ? ಬೆಲ್ಲ ಕಟ್ಟಿಕೊಟ್ಟಿದ್ದ ಪತ್ರಿಕೆಯ ಚೂರನ್ನು ಮಗಳು ಲಕ್ಕಮ್ಮನ ಕೈಗಿತ್ತಳು. ಅವಳು ಯಾವುದೋ ರೈಲಿನ ಸುದ್ದಿ ಓದಿದಳು. ಅದೇ ಚೂರನ್ನು ಹಿಂದಿನ ಸಾಲಲ್ಲಿ ಅವಳ ಪಕ್ಕವೇ ಕೂರುವ ನಸೀಮಾಳಿಗೆ ಬೇರೆಯಾಗಿ ಕೊಟ್ಟರೆ ಅವಳು ಮಳೆಯ ಸುದ್ದಿ ಓದಿದಳು. ಒಂದೇ ಚೂರು, ಎರಡು ಕಥೆ! ಇಬ್ಬರೂ ಓದುತ್ತಿಲ್ಲ, ಕಟ್ಟಿ ಹೇಳುತ್ತಿದ್ದಾರೆ ಎಂಬುದು ಮುನಿಕೃಷ್ಣಮ್ಮನಿಗೆ ಖಾತ್ರಿಯಾಯಿತು. ಮಗಳೂ ತನ್ನಂತೆ ಕುಡುಗೋಲು ಹಿಡಿಯಬೇಕಾದೀತಲ್ಲ ಎಂಬ ಭಯ.

ಮಕ್ಕಳ ಓದು ಪರೀಕ್ಷಿಸಲು ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನ ಹೋಗಿ ಶಾಲೆಯ ಬಾಗಿಲಲ್ಲಿ ನಿಂತಳು. ಹಿಂದಿನ ಸಾಲಿನ ಹನ್ನೊಂದು ಮಕ್ಕಳೂ ಪುಸ್ತಕ ಹಿಡಿದು ಪಾಠವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ಸಾಹೇಬರು ತಲೆದೂಗಿದರು.

“ಸ್ವಾಮಿ, ಅದು ಬಾಯಿಪಾಠ. ಬ್ಯಾರೆ ಪುಸ್ತಕ ಕೊಟ್ಟು ನೋಡಿ,” ಅಂದಳು ಮುನಿಕೃಷ್ಣಮ್ಮ.

ಮೇಷ್ಟ್ರು ಕಣ್ಣು ಕೆಂಪಗೆ ಮಾಡಿದರು. ಸಾಹೇಬರು ತಮ್ಮ ಚೀಲದಿಂದ ಬೇರೊಂದು ಪುಸ್ತಕ ತೆಗೆದರು. ಮುಂದಿನ ಸಾಲು ತಡವರಿಸಿಕೊಂಡಾದರೂ ಓದಿತು. ಹಿಂದಿನ ಸಾಲಿನಿಂದ ಒಂದು ಸೊಲ್ಲೂ ಬರಲಿಲ್ಲ. ಸದ್ಯ, ಮೇಷ್ಟ್ರ ಬಣ್ಣ ಬಯಲಾಯಿತು ಎಂದುಕೊಂಡಳು. ಸಾಹೇಬರು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದರು: ಹನ್ನೊಂದು ಮಕ್ಕಳೂ ಫೇಲು.

“ಕಲಿಸ್ದೇ ಇದ್ದೋರ್ಗೆ ಏನೂ ಇಲ್ವಾ ಸ್ವಾಮಿ?”

“ಕಲೀಬೇಕಾದ್ದು ಮಕ್ಕಳು ಕಣಮ್ಮ,” ಎಂದು ಸಾಹೇಬರು ಪೆನ್ನು ಮುಚ್ಚಿದರು.

ದಾರಿಯಲ್ಲಿ ಲಕ್ಕಮ್ಮ ಬಿಕ್ಕುತ್ತ ಅಂದಳು: “ನೀನು ಬಾಯ್ ಮುಚ್ಕೊಂಡಿದ್ರೆ ನಾನು ಪಾಸಾಯ್ತಿದ್ದೆ ಕಣವ್ವಾ.”

ಮಾರನೆಯ ಬೆಳಿಗ್ಗೆ ಮುನಿಕೃಷ್ಣಮ್ಮ ಹುಲ್ಲಿಗೆ ಹೋಗದೆ ಮಗಳನ್ನೂ ನಸೀಮಾಳನ್ನೂ ಶಾಲೆಗೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದಳು.

“ಇನ್ಮ್ಯಾಕೆ ಇವ್ರು ಇಲ್ಲೇ ಕೂತ್ಕತಾರೆ ಮೇಷ್ಟ್ರೇ. ನೀವು ಏನ್ ಕಲಿಸ್ತೀರೋ ನಾನೂ ನೋಡ್ತೀನಿ,” ಎಂದವಳೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.