ತಂದೆಯ ಕುಲದ ಟೋಪಿ

ಕೊಲ್ಲಿ ನಾಡಿನ ಮುಸಫ್ಫಾದ ಗೋದಾಮಿನಲ್ಲಿ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ನಮ್ಮ ಮ್ಯೂಸಿಯಮ್ಮಿಗೆ ಬಂದ ಮರದ ಟೋಪಿಯೊಂದರ ವಿವರಣೆ ಸಂಜೆಯೊಳಗೆ ಸಿದ್ಧವಾಗಬೇಕಿತ್ತು. ಅದು ಅಲಾಸ್ಕಾದ ಟ್ಲಿಂಗಿಟ್ ಜನರದ್ದು. ಅದರ ಕಥೆ ಹೇಳಲು ಆ ಜನರಲ್ಲೇ ಒಬ್ಬ ಹಿರಿಯರನ್ನು ಕರೆಸಿದ್ದೆವು. ತಮ್ಮವರ ವಸ್ತು, ಹಾಡುಗಳನ್ನು ತಮ್ಮೂರಿನ ಮ್ಯೂಸಿಯಮ್ಮಿಗಾಗಿ ಕೂಡಿಸುವುದರಲ್ಲೇ ಬದುಕು ಕಳೆದವರು. ಟೋಪಿ ಕಂಡದ್ದೇ ಅವರು ಕೈ ಹಿಂದೆ ಕಟ್ಟಿಕೊಂಡರು.

"ಇದು ನನ್ನ ತಂದೆಯ ಕುಲದ್ದು. ಕಥೆ ನನಗೆ ಗೊತ್ತು, ಆದರೆ ನಾನು ಹೇಳುವ ಹಾಗಿಲ್ಲ. ನನ್ನ ಸೋದರತ್ತೆಯ ಮಗನನ್ನು ಕೇಳಿ."

ಮೈಸೂರಿನವರಾದ ನಮ್ಮ ಮ್ಯಾನೇಜರ್ ಮತ್ತೆ ಫೋನ್ ಮಾಡಿದರು. ವಿಷಯ ಹೇಳಿದೆ.

"ಸ್ವಂತ ಮಗ ಎದುರಿಗೇ ಇರುವಾಗ ಅತ್ತೆ ಮಗ ಯಾಕ್ರೀ?"

"ಮಗ ಅಲ್ವಾ ಸರ್, ಅದಕ್ಕೇ," ಎಂದೆ. ಅವರು ಫೋನ್ ಇಟ್ಟುಬಿಟ್ಟರು.

ಉಡುಪಿಯವನಾದ ನನಗೆ ಅದು ಸುಲಭವಾಗಿ ಅರ್ಥವಾಗಿತ್ತು, ಬಿಡಿಸಿ ಹೇಳುವುದೇ ಕಷ್ಟ. ಆ ಜನರಂತೆ ಅಳಿಯಕಟ್ಟಿನ ನಮ್ಮಲ್ಲೂ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ; ಅಪ್ಪನ ಬಳಿ ಅವರ ಅಕ್ಕತಂಗಿಯರ ಮಕ್ಕಳದ್ದು. ಅಪ್ಪನ ಕುಟುಂಬದ ಮನೆಯಲ್ಲಿ ನಾನು ನೆಂಟ, ನನ್ನ ಕುಟುಂಬದ ಮನೆಯಲ್ಲಿ ನನ್ನ ಮಕ್ಕಳು ನೆಂಟರು. ಅಪ್ಪನ ಕುಟುಂಬದ ದೈವದ ಭಂಡಾರವನ್ನು, ಅದರ ಒಡವೆ ಆಯುಧಗಳನ್ನು, ಅಪ್ಪ ನನಗೆ ಒಂದು ದಿನವೂ ಮುಟ್ಟಲು ಬಿಟ್ಟವರಲ್ಲ.

ಟೋಪಿ ಕಥೆಯಿಲ್ಲದೆಯೇ ಗಾಜಿನೊಳಗೆ ಕೂತಿತು.

ಮನೆಗೆ ಬಂದರೆ ಮಗಳು ಶಾಲೆಯ ಪ್ರಾಜೆಕ್ಟ್ ಹಿಡಿದು ಕಾಯುತ್ತಿದ್ದಳು. ಕುಟುಂಬದ ಕಥೆ ಬರೆಯಬೇಕಂತೆ, ಹೇಳು ಪಪ್ಪಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ತೆರೆದ ಬಾಯಿ ಮುಚ್ಚಿಕೊಂಡೆ. "ನಿನ್ನ ಅಮ್ಮನ ಅಣ್ಣನಿಗೆ ಫೋನ್ ಮಾಡು ಮಗಾ," ಎಂದೆ.